ಅಕ್ಷಾಂಶ, ರೇಖಾಂಶ ಮತ್ತು ಒಂದು ಶಾಲು

ರಾಮಾನುಜನ್ ಅವರ ಜನ್ಮದಿನವಾದ ಡಿಸೆಂಬರ್ 22 ಅನ್ನು ರಾಷ್ಟ್ರೀಯ ಗಣಿತ ದಿನವೆಂದು ಆಚರಿಸುವ ಪದ್ಧತಿ 2012ರಿಂದ ನಡೆದುಬಂದಿದೆ. ಅಂದು ಮುಂಬಯಿಯ ಅನೇಕ ಗಣಿತ ವಿಭಾಗಗಳಲ್ಲಿ ಗಣಿತವೊಂದನ್ನು ಬಿಟ್ಟು ಮಿಕ್ಕೆಲ್ಲವೂ ಸಾಂಗವಾಗಿ ನೆರವೇರುತ್ತದೆ. ಸರಸ್ವತಿಯ ಪಟಕ್ಕೆ ಹಾರ ಬೀಳುತ್ತದೆ, ಮುಖ್ಯ ಅತಿಥಿಗಳ ಕೈಗೆ ಶಾಲು ಮತ್ತು ತೆಂಗಿನಕಾಯಿ ಸೇರುತ್ತವೆ. ಸಹಕಾರಿ ಬ್ಯಾಂಕಿನ ನಿರ್ದೇಶಕರೋ ಮಾಜಿ ನಗರಸೇವಕರೋ ಆಗಿರುವ ಈ ಅತಿಥಿಗಳು, ಶಾಲೆಯಲ್ಲಿ ಗಣಿತದ ಪರೀಕ್ಷೆಯೆಂದರೆ ತಮಗೆ ಜ್ವರ ಬರುತ್ತಿತ್ತೆಂದು ಅಭಿಮಾನದಿಂದ ಹೇಳಿಕೊಂಡು ಚಪ್ಪಾಳೆ ಗಿಟ್ಟಿಸುತ್ತಾರೆ. (ಮಾಟುಂಗದಿಂದ ಡೊಂಬಿವಲಿಯವರೆಗೆ ಹಬ್ಬಿರುವ ನಮ್ಮ ಕನ್ನಡ ಸಂಘಗಳು ಶಾಲಿನ ಜೊತೆಗೆ ಮೈಸೂರು ಪೇಟವನ್ನೂ ತೊಡಿಸುವುದರಿಂದ, ಸನ್ಮಾನದ ಬಗ್ಗೆ ನಾನು ಹೆಚ್ಚು ಮಾತಾಡುವಂತಿಲ್ಲ.)

ಇದಕ್ಕೆಲ್ಲ ವಿಸ್ತರಣಾ ಚಟುವಟಿಕೆ ಎಂದು ಹೆಸರು. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾನ್ಯತೆ ನೀಡುವ ನ್ಯಾಕ್ ಮಂಡಳಿಯ ಮೌಲ್ಯಮಾಪನದಲ್ಲಿ ಇಂಥ ಚಟುವಟಿಕೆಗೂ ವಿದ್ಯಾರ್ಥಿ ಬೆಂಬಲಕ್ಕೂ ಅಂಕಗಳಿವೆ. ಅಂಕಕ್ಕೆ ದಾಖಲೆ ಬೇಕು. ದಾಖಲೆಯೆಂದರೆ ಜಿಯೋಟ್ಯಾಗ್ ಮಾಡಿದ, ಅಂದರೆ ತೆಗೆದ ಜಾಗದ ಗುರುತು ಅಚ್ಚಾದ, ಛಾಯಾಚಿತ್ರ. ಆದ್ದರಿಂದ ದೀಪ ಬೆಳಗುವ ಚಿತ್ರದ ಅಡಿಯಲ್ಲಿ ಉತ್ತರ ಅಕ್ಷಾಂಶ 19 ಡಿಗ್ರಿ, ಪೂರ್ವ ರೇಖಾಂಶ 72 ಡಿಗ್ರಿ ಚಿಲ್ಲರೆ ಎಂದು ಮೂಡುತ್ತದೆ, ಮತ್ತು ಇಡೀ ಸಮಾರಂಭದಲ್ಲಿ ಸಂಖ್ಯೆಗಳು ದರ್ಶನ ಕೊಡುವುದು ಅಲ್ಲಿ ಮಾತ್ರ. ಅವು ಮೂಡದೇ ಹೋದರೆ ದೀಪವನ್ನು ಆರಿಸಿ, ಊಟಕ್ಕೆ ಹೊರಟ ಅತಿಥಿಗಳನ್ನು ಕರೆತಂದು, ಮತ್ತೆ ಬೆಳಗಿಸಲಾಗುತ್ತದೆ.

ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ಡಿ. ಆರ್. ಕಾಪ್ರೇಕರ್ ಒಂದು ಸೊಗಸಾದ ಸಂಗತಿಯನ್ನು ಕಂಡುಹಿಡಿದಿದ್ದರು. ನಾಲ್ಕೂ ಅಂಕಿಗಳು ಒಂದೇ ಆಗಿರದ ಯಾವುದೇ ನಾಲ್ಕಂಕಿಯ ಸಂಖ್ಯೆಯ ಅಂಕಿಗಳನ್ನು ಇಳಿಕೆಯ ಮತ್ತು ಏರಿಕೆಯ ಕ್ರಮದಲ್ಲಿ ಜೋಡಿಸಿ ಕಳೆಯುತ್ತ ಹೋದರೆ, ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ 6174 ಬಂದೇ ಬರುತ್ತದೆ. ನಮ್ಮ ವಿಭಾಗಗಳೂ ಇದೇ ನಿಯಮಕ್ಕೆ ಬದ್ಧವಾಗಿವೆ: ಉಪನ್ಯಾಸ, ರಸಪ್ರಶ್ನೆ, ರಂಗೋಲಿ ಸ್ಪರ್ಧೆ, ಎಲ್ಲಿಂದ ಹೊರಟರೂ ಏಳು ಹೆಜ್ಜೆಯೊಳಗೆ ಗುಂಪು ಛಾಯಾಚಿತ್ರವನ್ನು ತಲುಪುತ್ತವೆ.

ಅವಕಾಶಗಳಿಗೇನೂ ಬರವಿಲ್ಲ ಎಂಬುದೇ ಇದರ ತಮಾಷೆ. ದೇಶದ ಗಣಿತ ಒಲಿಂಪಿಯಾಡ್‌ಗಳ ಕೇಂದ್ರವಾದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಇರುವುದು ಹಾರ್ಬರ್ ಲೋಕಲ್ ಹತ್ತಿದರೆ ಸಿಗುವ ಮಾನಖುರ್ದ್‌ನಲ್ಲಿ, 1996ರ ಅಂತರರಾಷ್ಟ್ರೀಯ ಒಲಿಂಪಿಯಾಡ್ ಜರುಗಿದ್ದು ಇದೇ ಊರಿನಲ್ಲಿ, ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿ.ಐ.ಎಫ್.ಆರ್.) ಬೇಸಗೆಯಲ್ಲಿ ವಿದ್ಯಾರ್ಥಿಗಳನ್ನು ಸಂಶೋಧನೆಗೆ ಕರೆಸಿಕೊಳ್ಳುತ್ತದೆ. 1993ರಲ್ಲಿ ಆರಂಭವಾದ, ಗಣಿತದ ತರಬೇತಿ ಮತ್ತು ಪ್ರತಿಭಾನ್ವೇಷಣೆಯ ಎಂ.ಟಿ.ಟಿ.ಎಸ್. ಶಿಬಿರದಲ್ಲಿ ನಾಲ್ಕು ವಾರ ಕೂರಿಸಿಕೊಂಡು ಗಣಿತವನ್ನು ಬಾಯಿಪಾಠದ ಬದಲು ಯೋಚಿಸಿ ಕಲಿಸುತ್ತಾರೆ. ಪದವಿ ತರಗತಿಯವರಿಗೆ ಮಾಧವ ಗಣಿತ ಸ್ಪರ್ಧೆಯಿದೆ, ಮುಂದೆ ಓದುವವರಿಗೆ ಪರಮಾಣು ಶಕ್ತಿ ಇಲಾಖೆಯಡಿಯ ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯ ವಿದ್ಯಾರ್ಥಿವೇತನವಿದೆ. ಇವುಗಳ ಸುತ್ತೋಲೆಗಳು ವಿಭಾಗಕ್ಕೆ ತಲುಪುತ್ತವೆ, ಮುಖ್ಯಸ್ಥರ ರುಜು ಪಡೆಯುತ್ತವೆ, ಆವಕ ಪುಸ್ತಕದಲ್ಲಿ ವಿಶ್ರಮಿಸುತ್ತವೆ, ಕೊನೆಗೆ ಅರ್ಜಿಯ ಗಡುವು ಮುಗಿದ ಮೇಲೆ ಬಾಕಿ ಶುಲ್ಕದ ಪಟ್ಟಿಯ ಪಕ್ಕದಲ್ಲಿ ಸೂಚನಾ ಫಲಕವನ್ನು ಅಲಂಕರಿಸುತ್ತವೆ. ಆ ಫಲಕದ ಜಿಯೋಟ್ಯಾಗ್ ಚಿತ್ರವೂ ಕಡತಕ್ಕೆ ಸೇರುವುದರಿಂದ, ಪ್ರಚಾರ ನಡೆದಿಲ್ಲವೆಂದು ಯಾರೂ ದೂರುವಂತಿಲ್ಲ.

ಕಳೆದ ಸಲದ ಇಂಥದೊಂದು ಸಮಾರಂಭದಲ್ಲಿ, ಬೈಂದೂರಿನಿಂದ ಬಂದು ಅಂಧೇರಿಯಲ್ಲಿ ಕ್ಯಾಂಟೀನ್ ನಡೆಸುವವರ ಮಗನೊಬ್ಬ ವಂದನಾರ್ಪಣೆಗೆ ಮುನ್ನ ಎದ್ದು ನಿಂತು ಶಿಸ್ತು ಮುರಿದ. ಸಂಚಾಲಕರು ಧಾರವಾಡ ಕಡೆಯವರೆಂಬ ಧೈರ್ಯದಿಂದ, "ಸರ್, ಮಾಧವ ಸ್ಪರ್ಧೆಗೆ ಹೆಸರು ಕೊಡುವುದು ಹೇಗೆ?" ಎಂದು ಕನ್ನಡದಲ್ಲೇ ಕೇಳಿಬಿಟ್ಟ.

"ಭಾಳ ಚಲೋ ಪ್ರಶ್ನೆ," ಎಂದರು ಸಂಚಾಲಕರು, ಗಡಿಯಾರ ನೋಡುತ್ತ. "ಫೀಡ್‌ಬ್ಯಾಕ್ ಫಾರ್ಮಿನ್ಯಾಗ ಬರದು ಹಾಕಪಾ."

ಆ ಫಾರ್ಮಿನಲ್ಲಿ ಬರೆಯುವುದಕ್ಕೆ ಜಾಗವಿರಲಿಲ್ಲ. ಒತ್ತುವುದಕ್ಕೆ ಐದು ನಕ್ಷತ್ರಗಳಿದ್ದವು, ಮತ್ತು ಒತ್ತದವರಿಗೆ ಪ್ರಮಾಣಪತ್ರ ಬರುತ್ತಿರಲಿಲ್ಲ. ಹುಡುಗ ಐದನ್ನೂ ಒತ್ತಿದ. ವಿಭಾಗದ ವಾರ್ಷಿಕ ವರದಿಯಲ್ಲಿ ಅವನೀಗ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಮಾರ್ಗದರ್ಶನ ಪಡೆದ ವಿದ್ಯಾರ್ಥಿ.