ಸ್ಯಾಟಲೈಟ್‌ಗೆ ಕಾಣದ ಹಾಡಿ

ನಾಗರಹೊಳೆ ಹುಲಿ ಕಾಡಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ, ಅಂದರೆ ಆದಿವಾಸಿಗಳ ಪುಟ್ಟ ಊರಿಗೆ, ಹಿಂದೆ ಅಲ್ಲಿಂದ ಎಬ್ಬಿಸಿದ್ದ 52 ಜೇನುಕುರುಬ ಕುಟುಂಬಗಳು 2025ರ ಮೇ ತಿಂಗಳಲ್ಲಿ ವಾಪಸ್ ಹೋಗಿದ್ದು, ಹಿಂದೆಯೇ ಖಾಕಿ ಬಂದು ನಿಂತಿದ್ದು ಎಲ್ಲ ನಿಮಗೆ ಗೊತ್ತೇ ಇದೆ. ಆ ಗಲಾಟೆಯಲ್ಲಿ ನನಗೆ ಬಹಳ ಹಿಡಿಸಿದ್ದು ಸ್ಯಾಟಲೈಟ್. ಅರಣ್ಯ ಇಲಾಖೆ ಹೇಳುವ ಪ್ರಕಾರ, ಅಲ್ಲಿ ಜನ ವಾಸ ಇದ್ದರು ಅನ್ನುವುದಕ್ಕೆ ಹಳೆಯ ಸ್ಯಾಟಲೈಟ್ ಚಿತ್ರಗಳಲ್ಲಿ ಗುರುತೇ ಇಲ್ಲವಂತೆ. ಆಹಾ, ವಿಜ್ಞಾನ ಅಂದ್ರೆ ಇದಪ್ಪ!

ಆ ಜನರನ್ನು ಎಬ್ಬಿಸಿದ್ದು 1980ರ ದಶಕದಲ್ಲಿ. ನಮ್ಮ ಐಆರ್‌ಎಸ್-1ಎ ಉಪಗ್ರಹ ಮೇಲೆ ಹೋಗಿದ್ದೇ 1988ರಲ್ಲಿ. ಅದರ ಒಳ್ಳೆಯ ಕ್ಯಾಮೆರಾಕ್ಕೂ ಸುಮಾರು 36 ಮೀಟರ್ ಉದ್ದಗಲದ ನೆಲ ಅಂದರೆ ಬರೀ ಒಂದು ಚುಕ್ಕೆ. ಅಮೆರಿಕದವರದ್ದು ಮೊದಲೇ ಇತ್ತಲ್ಲ ಅಂತೀರಾ? ಅವರದ್ದು 30 ಮೀಟರಿಗೊಂದು ಚುಕ್ಕೆ. ಮರದಡಿಯ ಬಿದಿರಿನ ಗುಡಿಸಲು ಇದರಲ್ಲಿ ಕಾಣಬೇಕಿತ್ತು. ತಪ್ಪು ಜೇನುಕುರುಬರದ್ದೇ ಬಿಡಿ. ಮರ ಉರುಳಿಸಿ, ನಾಲ್ಕೆಕರೆ ಬಯಲು ಮಾಡಿ, ಆರ್‌ಸಿಸಿ ಮನೆ ಹಾಕಿಕೊಂಡಿದ್ದರೆ ಇವತ್ತು ದಾಖಲೆ ಸಮೇತ ಸಿಗುತ್ತಿದ್ದರು.

2006ರ ಅರಣ್ಯ ಹಕ್ಕು ಕಾಯ್ದೆ ಶುರುವಾಗುವುದೇ ಆದಿವಾಸಿಗಳಿಗೆ ಐತಿಹಾಸಿಕ ಅನ್ಯಾಯ ಆಗಿದೆ ಎಂಬ ಒಪ್ಪಿಗೆಯಿಂದ. ಅದರ ನಿಯಮಗಳ ಪ್ರಕಾರ, ಕಾಡಿನಲ್ಲಿ ಇದ್ದದ್ದಕ್ಕೆ ಹಿರಿಯರ ಬಾಯಿಮಾತು ಸಾಕ್ಷಿ. ಸತ್ತವರನ್ನು ಹೂಳಿದ ಜಾಗ ಸಾಕ್ಷಿ. ದೇವರ ಜಾಗವೂ ಸಾಕ್ಷಿ. ಸ್ಯಾಟಲೈಟ್ ಚಿತ್ರ ಇವುಗಳ ಜೊತೆಗೆ ಇರಬಹುದು, ಇವುಗಳ ಬದಲಿಗೆ ಅಲ್ಲ ಅಂತ 2012ರ ತಿದ್ದುಪಡಿಯಲ್ಲಿ ಬರೆದೇ ಇದ್ದಾರೆ. ಪಾಪ, ಆ ಪುಟದ ಜೆರಾಕ್ಸ್ ಕಚೇರಿಗೆ ತಲುಪಿರಲಿಕ್ಕಿಲ್ಲ.

ಹಾಗಂತ ಸರ್ಕಾರಕ್ಕೆ ಇವರ ಬಾಯಿಮಾತಿನ ಮೇಲೆ ನಂಬಿಕೆ ಇಲ್ಲ ಅನ್ನಬೇಡಿ. ದಸರಾದಲ್ಲಿ 750 ಕೆಜಿಯ ಅಂಬಾರಿ, ಒಳಗೆ ಸಾಕ್ಷಾತ್ ಚಾಮುಂಡೇಶ್ವರಿ, ಎರಡೂ ಕಡೆ ಜನಸಾಗರ. ಅಷ್ಟೂ ನಡೆಯುವುದು ಆನೆಯ ಕತ್ತಿನ ಮೇಲೆ ಕೂತವನ ಬಾಯಿಮಾತಿನಿಂದಲೇ. ಆ ಮಾವುತರು, ಅವರ ಸಹಾಯಕ್ಕಿರುವ ಕಾವಾಡಿಗಳಲ್ಲಿ ಎಷ್ಟೋ ಜನ ಇದೇ ಜೇನುಕುರುಬರು. ದಸರಾ ಆನೆಗಳನ್ನು ಕಾಡಿನಿಂದ ಮೈಸೂರಿಗೆ ಕಳಿಸುವ ವೀರನಹೊಸಹಳ್ಳಿಯ ಗಜಪಯಣದಲ್ಲಿ ಮಂತ್ರಿಗಳು ಆನೆಗೆ ಹೂ ಎರಚುತ್ತಾರೆ, ಕಬ್ಬು, ಬೆಲ್ಲ ತಿನ್ನಿಸುತ್ತಾರೆ. ಪಕ್ಕದಲ್ಲಿ ನಿಂತ ಮಾವುತನಿಗೆ ಫೋಟೋದಲ್ಲಿ ಅರ್ಧ ಭುಜದಷ್ಟು ಜಾಗ. ಆಮೇಲೆ ಅರಮನೆ ಅಂಗಳದಲ್ಲಿ ಶೆಡ್, ಮಕ್ಕಳಿಗೆ ಟೆಂಟ್ ಶಾಲೆ, ಒಂದು ದಿನ ಗಣ್ಯರೇ ನಿಂತು ಬಡಿಸುವ ತಿಂಡಿ. ಬಡಿಸುವ ಕೈ ಕ್ಯಾಮೆರಾ ಕ್ಲಿಕ್ ಅನ್ನುವ ತನಕ ತಟ್ಟೆಯ ಮೇಲೇ ನಿಂತಿರುತ್ತದೆ. ಮಹಾರಾಜರ ಅಂಗಳದಲ್ಲಿ ಸಂಸಾರ ಹೂಡಬಹುದು. ತಾತನ ಹಾಡಿಯಲ್ಲಿ ಹೂಡಿದರೆ ಮಾತ್ರ ಒತ್ತುವರಿ.

ಮೇ ತಿಂಗಳು ಅಂದಾಗ ನೆನಪಾಯಿತು. ಕೊಡಗಿನ ತಿತಿಮತಿ ಹತ್ತಿರ ದೇವರಪುರದಲ್ಲಿ ಜೇನುಕುರುಬರೂ ಸೇರಿದಂತೆ ಆದಿವಾಸಿಗಳ ಕುಂಡೆ ಹಬ್ಬ ಆಗುವುದೂ ಅದೇ ತಿಂಗಳಲ್ಲಿ. ಇದುವರೆಗೆ ನೋಡಿಲ್ಲ ಅಂದ್ರೆ ಒಮ್ಮೆ ಹೋಗಿ, ಮರ್ಯಾದೆ ಮನೆಯಲ್ಲಿ ಬಿಟ್ಟು ಹೋಗಿ. ಗಂಡಸರು ಹೆಂಗಸರ ಬಟ್ಟೆ ಹಾಕಿಕೊಂಡು, ಕೈಗೆ ಸಿಕ್ಕ ಡಬ್ಬ ಬಡಿಯುತ್ತಾ, ರಸ್ತೆಯಲ್ಲಿ ಎದುರಾದವರನ್ನೆಲ್ಲ ಬಾಯ್ತುಂಬ ಬೈದು ಕಾಸು ಕೀಳುತ್ತಾರೆ. ದೇವರನ್ನೂ ಬಿಡುವುದಿಲ್ಲ. ಕಥೆ ಏನಂದ್ರೆ, ಅಯ್ಯಪ್ಪ ಇವರನ್ನು ಬೇಟೆಗೆ ಅಂತ ಕರೆದುಕೊಂಡು ಹೋದವನು, ದಾರಿಯಲ್ಲಿ ಭದ್ರಕಾಳಿ ಕಂಡದ್ದೇ ತಡ, ಇವರನ್ನು ನಡುಕಾಡಿನಲ್ಲಿ ಬಿಟ್ಟು ಅವಳ ಹಿಂದೆ ಹೋದನಂತೆ. ಅದಕ್ಕೆ ವರ್ಷಕ್ಕೊಂದು ದಿನ ಬೈಗುಳ. ಕೊನೆಗೆ ತಪ್ಪಾಯ್ತು ಅಂತ ಕೈಮುಗಿದು ಮನೆಗೆ. ಒಂದೇ ಒಂದು ಸಲ ಕೈಕೊಟ್ಟ ದೇವರಿಗೇ ಇಷ್ಟಾದರೆ ನಮ್ಮ ಇಲಾಖೆಗಳಿಗೆ ಎಷ್ಟು ದಿನದ ಹಬ್ಬ ಬೇಕು ಲೆಕ್ಕ ಹಾಕಿ. ದೇವರಾದರೂ ತೆಪ್ಪಗೆ ಬೈಸಿಕೊಳ್ಳುತ್ತಾನೆ. ಇಲಾಖೆಗೆ ಬರೆಯುವಾಗ ‘ಮಾನ್ಯರೇ’ ಅಂತಲೇ ಶುರು ಮಾಡಬೇಕು.

ಇನ್ನು ಹುಲಿಯ ಪ್ರಶ್ನೆ. ಮನುಷ್ಯರಿದ್ದರೆ ಹುಲಿಗೆ ತೊಂದರೆ, ನಿಜ. ಸಫಾರಿ ಜೀಪಿನಲ್ಲಿ ಕೂತವರನ್ನು ಮನುಷ್ಯರು ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೆ. ಇದೇ ನಾಗರಹೊಳೆಯ ಒಳಗೆ ದೊಡ್ಡ ಹೋಟೆಲ್ ಕಂಪನಿಗೆ ಜಾಗ ಕೊಟ್ಟಾಗಲೂ ಹುಲಿಯನ್ನು ಯಾರೂ ಕೇಳಿರಲಿಲ್ಲ. ಬೀದಿಗಿಳಿದವರು ಆದಿವಾಸಿಗಳು, ತಡೆದದ್ದು 1997ರಲ್ಲಿ ಹೈಕೋರ್ಟ್. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲೇ ಅಲ್ಲಿನ ಆದಿವಾಸಿಗಳಾದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅಲ್ಲಿನ ಹುಲಿಗಳೇನೂ ಗಂಟುಮೂಟೆ ಕಟ್ಟಿಲ್ಲ.

ತಮಾಷೆ ಸಾಕು, ನನಗೂ ಸಾಕಾಗಿದೆ. ಹೈಕೋರ್ಟ್ ನೇಮಿಸಿದ ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ನಾಗರಹೊಳೆ ಕಾಡಿನಿಂದ ಹೊರಗೆ ಬಿದ್ದವರು 3,418 ಕುಟುಂಬ ಅಂತ ಅದರಲ್ಲಿದೆ. ಆ ವರದಿ ಸರ್ಕಾರದ ಬೀರುವಿನಲ್ಲೇ ಇದೆ. ಹೊರಗೆ ಬಿದ್ದವರಲ್ಲಿ ಎಷ್ಟೋ ಜನ ಕಾಫಿ ತೋಟದ ಲೈನ್‌ಮನೆಗಳಲ್ಲಿ ಕೂಲಿ ಮಾಡುತ್ತಾ ಮುದುಕರಾದರು. ಯಾರನ್ನು ಎಲ್ಲಿ ಹೂಳಿದ್ದಾರೆ ಅಂತ ಗೊತ್ತಿರುವವರು ಅವರೇ. ಈಗ ಅವರ ಮುಂದೆ ಕೂತು, ಅಲ್ಲಿ ನೀವು ಇರಲೇ ಇಲ್ಲ ಅನ್ನುತ್ತಿದ್ದೀರಿ. ಇರಲಿಲ್ಲ ಅಂದರೆ ಅವತ್ತು ಎಬ್ಬಿಸಿದ್ದು ಯಾರನ್ನು ಸ್ವಾಮಿ?