ನ್ಯೂ ಆರ್ಲಿಯನ್ಸ್ ಮುಳುಗಿದ್ದು ಅಲ್ಲಿಯ ಜನರ ತಪ್ಪಿನಿಂದಲ್ಲ

ಪ್ರತಿ ವರ್ಷ ಆಗಸ್ಟ್ ಕೊನೆಗೆ, ಅಮೆರಿಕದ ನ್ಯೂ ಆರ್ಲಿಯನ್ಸ್ ನಗರ ಮುಳುಗಿದ ಕತ್ರಿನಾ ಚಂಡಮಾರುತದ ಹಳೇ ಫೋಟೋಗಳು ಮತ್ತೆ ಓಡಾಡುತ್ತವೆ. ಸೂರಿನ ಮೇಲೆ ಕೂತು ಹೆಲಿಕಾಪ್ಟರ್‌ಗೆ ಕೈ ಬೀಸುವ ಜನ, ಸೂಪರ್‌ಡೋಮ್ ಕ್ರೀಡಾಂಗಣದ ಸುತ್ತ ನಿಂತ ನೀರು. ಕೆಳಗೆ ಯಾರಾದರೂ ಬರೆದೇ ಬರೆಯುತ್ತಾರೆ, ಸಮುದ್ರ ಮಟ್ಟಕ್ಕಿಂತ ತಗ್ಗಿನಲ್ಲಿ ಮನೆ ಕಟ್ಟಿಕೊಂಡರೆ ಮುಳುಗದೆ ಇನ್ನೇನಾಗುತ್ತೆ ಅಂತ. ಈ ಮಾತು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನೊಂದವರ ಮೇಲೆ ಇಷ್ಟು ಸುಲಭವಾಗಿ ತಪ್ಪು ಹೊರಿಸಬಾರದು.

2005ರ ಆಗಸ್ಟ್ 29ರ ಬೆಳಗ್ಗೆ ಕತ್ರಿನಾ ಲೂಸಿಯಾನ ರಾಜ್ಯದ ಬುರಾಸ್ ಹತ್ತಿರ ದಡಕ್ಕೆ ಬಂತು. ಅದರ ಕಣ್ಣು, ಅಂದರೆ ನಡುಭಾಗ, ನ್ಯೂ ಆರ್ಲಿಯನ್ಸ್‌ನ ಪೂರ್ವಕ್ಕೆ ಸರಿದು ಹೋಯಿತು. ಗಾಳಿಯ ಜೋರಾದ ಏಟು ಊರಿಗೆ ಬೀಳಲಿಲ್ಲ. ಆದರೂ ನಗರದ ಶೇ. 80ರಷ್ಟು ಭಾಗ ನೀರಿನಲ್ಲಿ ನಿಂತಿತು. ಯಾಕೆ? ಊರು ಕಾಯಬೇಕಾದ ಒಡ್ಡುಗಳು, ಗೋಡೆಗಳು 50ಕ್ಕೂ ಜಾಸ್ತಿ ಕಡೆ ಒಡೆದಿದ್ದವು. ಕೆಲವು ಕಡೆ ಅಲೆ ಒಡ್ಡಿನ ಮೇಲೇ ಹರಿದು ಮಣ್ಣು ಕೊರೆದದ್ದು ನಿಜ. ಆದರೆ ಊರಿನ ನಡುವಿನ ಬಡಾವಣೆಗಳಿಗೆ ನೀರು ನುಗ್ಗಿದ 17ನೇ ಸ್ಟ್ರೀಟ್ ಕಾಲುವೆ ಮತ್ತು ಲಂಡನ್ ಅವೆನ್ಯೂ ಕಾಲುವೆಗಳಲ್ಲಿ ನೀರು ಗೋಡೆಯ ತುದಿ ಮುಟ್ಟಿಯೇ ಇರಲಿಲ್ಲ. ಅದಕ್ಕೂ ಮೊದಲೇ ಗೋಡೆಗಳು ಬಿದ್ದವು.

ಇದು ಹೇಗಾಯಿತು ಅಂತ ಸ್ವಲ್ಪ ವಿವರವಾಗಿ ಹೇಳಬೇಕು. ಊರಿನ ಮಳೆನೀರನ್ನು ಪಂಪ್ ಮಾಡಿ ಪಾಂಚರ್ಟ್ರೇನ್ ಸರೋವರಕ್ಕೆ ಬಿಡುವ ಕಾಲುವೆಗಳಿವು. ಚಂಡಮಾರುತ ಬಂದಾಗ ಸರೋವರ ಉಕ್ಕಿ ಅದೇ ಕಾಲುವೆಯಲ್ಲಿ ಹಿಂದಕ್ಕೆ ನುಗ್ಗುತ್ತದೆ. ಕಾಲುವೆಯ ಎರಡೂ ಬದಿ ಮಣ್ಣಿನ ಒಡ್ಡು, ಒಡ್ಡಿನೊಳಗೆ ಇಳಿಸಿದ ಉಕ್ಕಿನ ಹಾಳೆ, ಅದರ ತಲೆಯ ಮೇಲೆ ಕಾಂಕ್ರೀಟ್ ಗೋಡೆ. ಗದ್ದೆಯ ಬದುವಿನಲ್ಲಿ ಹಲಗೆ ನೆಟ್ಟ ಹಾಗೆ. ನೀರು ಒತ್ತಿದಾಗ ಗೋಡೆ ತುಸು ಹೊರಗೆ ವಾಲಿತು. ಗೋಡೆಗೂ ಮಣ್ಣಿಗೂ ನಡುವೆ ಬಿರುಕು ಬಿಟ್ಟಿತು. ಆ ಬಿರುಕಿನೊಳಗೆ ನೀರು ಇಳಿದು ಬುಡದವರೆಗೂ ಒತ್ತಿತು. 17ನೇ ಸ್ಟ್ರೀಟ್‌ನಲ್ಲಿ ಕೆಳಗಿದ್ದದ್ದು ಮೆತ್ತನೆಯ ಜೇಡಿ, ಒಡ್ಡು ಗೋಡೆಯ ಸಮೇತ ಜಾರಿತು. ಲಂಡನ್ ಅವೆನ್ಯೂನಲ್ಲಿ ಕೆಳಗೆ ಮರಳು, ನೀರು ಅದರೊಳಗೇ ದಾರಿ ಮಾಡಿಕೊಂಡಿತು.

ಇವನ್ನು ವಿನ್ಯಾಸ ಮಾಡಿದ್ದು ಅಮೆರಿಕದ ಸೇನಾ ಇಂಜಿನಿಯರ್‌ಗಳ ಸಂಸ್ಥೆ, ಆರ್ಮಿ ಕೋರ್. 1965ರಲ್ಲಿ ಬೆಟ್ಸಿ ಚಂಡಮಾರುತ ಇದೇ ಊರಿನ ಒಂದಷ್ಟು ಭಾಗವನ್ನು ಮುಳುಗಿಸಿದ ಮೇಲೆ ಸಂಸತ್ತು ಈ ಕೆಲಸವನ್ನು ಅವರಿಗೆ ಒಪ್ಪಿಸಿತು. 1985ರಲ್ಲಿ ಕೋರ್ ಇಂಥದೇ ಗೋಡೆ ಕಟ್ಟಿ, ನೀರು ತುಂಬಿಸಿ ಪರೀಕ್ಷೆಯನ್ನೂ ಮಾಡಿತ್ತು. ಆದರೆ ಗೋಡೆಯ ಬುಡದಲ್ಲಿ ಟಾರ್ಪಾಲು ಮುಚ್ಚಿದ್ದರಿಂದ ಬಿರುಕಿನೊಳಗೆ ನೀರು ಇಳಿಯಲಿಲ್ಲ, ಅದರ ಅಪಾಯ ಲೆಕ್ಕಕ್ಕೇ ಬರಲಿಲ್ಲ. ಉಕ್ಕಿನ ಹಾಳೆ 17 ಅಡಿ ಆಳಕ್ಕೆ ಇಳಿದರೆ ಸಾಕು ಅಂದುಕೊಂಡರು. ಬೇಕಿದ್ದದ್ದು 31ರಿಂದ 46 ಅಡಿ ಅಂತ 2015ರಲ್ಲಿ ಬಂದ ಒಂದು ಅಧ್ಯಯನ ಹೇಳಿತು. ಹಣ ಉಳಿಯಿತು, ಊರು ಉಳಿಯಲಿಲ್ಲ. ಅಲ್ಲಿ ಮನೆ ಕೊಂಡ ಒಬ್ಬ ಶಾಲಾ ಮೇಷ್ಟ್ರಿಗೆ, ಒಬ್ಬ ಬಸ್ ಡ್ರೈವರ್‌ಗೆ ನೆಲದೊಳಗಿನ ಹಾಳೆಯ ಉದ್ದ ಹೇಗೆ ಗೊತ್ತಿರಬೇಕು ಹೇಳಿ. ಸರ್ಕಾರ ಗೋಡೆ ಕಟ್ಟಿದೆ, ನಂಬಿದರು. ನಾವೂ ನಂಬುತ್ತಿದ್ದೆವು, ಅಲ್ವಾ?

2006ರ ಜೂನ್‌ನಲ್ಲಿ ಕೋರ್ ತನ್ನದೇ ವರದಿಯಲ್ಲಿ ವಿನ್ಯಾಸದ ತಪ್ಪನ್ನು ಒಪ್ಪಿಕೊಂಡಿತು. ಒಪ್ಪಿಕೊಂಡ ಮೇಲೆ ಪರಿಹಾರ ಸಿಗಬೇಕಿತ್ತು. ಸಿಗಲಿಲ್ಲ. ಜನ ಕೋರ್ಟಿಗೆ ಹೋದರು. ಪ್ರವಾಹ ತಡೆಯುವ ಕೆಲಸದಲ್ಲಿ ನೀರಿನಿಂದ ಆದ ನಷ್ಟಕ್ಕೆ ಸರ್ಕಾರ ಹೊಣೆಯಲ್ಲ ಅನ್ನುವ 1928ರ ಕಾನೂನು ಅಡ್ಡ ಬಂತು. ಕೋರ್ ಬಗ್ಗೆ ಕಟುವಾಗಿ ಬರೆದ ನ್ಯಾಯಾಧೀಶರೇ 2008ರಲ್ಲಿ ಕಾಲುವೆ ಗೋಡೆಗಳ ದಾವೆಯನ್ನು ವಜಾ ಮಾಡಬೇಕಾಯಿತು. ಇತ್ತ ವಿಮಾ ಕಂಪನಿಗಳು, ನಿಮ್ಮ ಮನೆ ಪಾಲಿಸಿಗೆ ಪ್ರವಾಹ ಸೇರುವುದಿಲ್ಲ ಅಂದವು. ಇದು ಮನುಷ್ಯರ ತಪ್ಪಿನಿಂದ ಬಂದ ನೀರು ಅಂತ ಜನ ವಾದಿಸಿದರು. ಯಾವ ಕಾರಣಕ್ಕೆ ಬಂದರೂ ಪ್ರವಾಹ ಪ್ರವಾಹವೇ ಅಂತ 2007ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿತು. ಎರಡೂ ಬಾಗಿಲು ಮುಚ್ಚಿದವು.

ಮನೆ ಕಟ್ಟಿಕೊಳ್ಳಲು ಸರ್ಕಾರ ತಂದ 'ರೋಡ್ ಹೋಮ್' ಯೋಜನೆಯಲ್ಲೂ ಅನ್ಯಾಯವಾಯಿತು. ಮನೆಯ ಹಳೇ ಮಾರುಕಟ್ಟೆ ಬೆಲೆ, ರಿಪೇರಿ ಖರ್ಚು, ಎರಡರಲ್ಲಿ ಯಾವುದು ಕಡಿಮೆಯೋ ಅದರ ಲೆಕ್ಕದಲ್ಲಿ ಹಣ. ಕಪ್ಪು ಜನ ಹೆಚ್ಚಿದ್ದ ಲೋಯರ್ ನೈಂತ್ ವಾರ್ಡ್‌ನಲ್ಲಿ ಮನೆ ಬೆಲೆ ಮೊದಲೇ ಕಡಿಮೆ. ಗೋಡೆ, ಸೂರು ಕಟ್ಟುವ ಖರ್ಚು ಮಾತ್ರ ಎಲ್ಲರಿಗೂ ಒಂದೇ. ಸುಮಾರು 4.85 ಲಕ್ಷ ಇದ್ದ ನಗರದ ಜನಸಂಖ್ಯೆ 2010ರ ಜನಗಣತಿಯಲ್ಲಿ 3.44 ಲಕ್ಷಕ್ಕೆ ಇಳಿದಿದ್ದು ಸುಮ್ನೆ ಅಲ್ಲ.

ತಗ್ಗಿನ ಊರು, ಏನು ಮಾಡಿದರೂ ಮುಳುಗುತ್ತಿತ್ತು ಅನ್ನುವವರು 2021 ನೋಡಲಿ. ಅದೇ ಆಗಸ್ಟ್ 29ಕ್ಕೆ ಐಡಾ ಚಂಡಮಾರುತ ಅಪ್ಪಳಿಸಿತು. ದಡ ಮುಟ್ಟಿದಾಗ ಕತ್ರಿನಾಗಿಂತ ಜೋರಿತ್ತು. ಸುಮಾರು 1,450 ಕೋಟಿ ಡಾಲರ್ ಖರ್ಚು ಮಾಡಿ ಹೊಸದಾಗಿ ಕಟ್ಟಿದ ಒಡ್ಡುಗಳು ನಿಂತವು. ಕರೆಂಟ್ ಹೋಯಿತು, ಜನ ಕಷ್ಟಪಟ್ಟರು, ಆದರೆ ಒಡ್ಡು ಒಡೆದು ಊರು ಮುಳುಗಲಿಲ್ಲ. ಅಂದರೆ ಸರಿಯಾಗಿ ಕಟ್ಟಲು ಸಾಧ್ಯವಿತ್ತು. ಈಗ ಆ ಹೊಸ ಒಡ್ಡುಗಳೂ ಮೆತ್ತನೆಯ ನೆಲದಲ್ಲಿ ನಿಧಾನಕ್ಕೆ ಕುಸಿಯುತ್ತಿವೆ. ಕೋರ್ ಇದನ್ನು 2019ರಲ್ಲೇ ಹೇಳಿದೆ. ಅವನ್ನು ಎತ್ತರಿಸುವ ದುಡ್ಡು ಮುಂದಿನ ಚಂಡಮಾರುತಕ್ಕೆ ಮೊದಲೇ ಬರಬೇಕು. ಮತ್ತೆ ಗೋಡೆ ಬಿದ್ದರೆ ಕಟ್ಟಿದವರನ್ನು ಕೋರ್ಟಿನಲ್ಲಿ ಕೇಳುವ ಹಕ್ಕು ಆ ಜನರಿಗೆ ಸಿಗಬೇಕು. 1928ರ ಆ ಕಾನೂನು ಹೋಗಬೇಕು.