ಒಣಗಿದ್ದಾ?

ಇಂದು ಬೆಳಿಗ್ಗೆ ಎದ್ದವಳು ಒಲೆಗೆ ನೀರಿಡುವುದಕ್ಕೂ ಮೊದಲು ಜಗಲಿಯ ಮೂಲೆಯಲ್ಲಿ ಇರಿಸಿದ್ದ ನನ್ನ ಹಲಗೆಯನ್ನು ನೋಡಲು ಹೋದೆ. ನಿನ್ನೆ ರಾತ್ರಿ ಅದರ ಮೇಲೆ ಸ್ಟೆನ್ಸಿಲ್, ಅಂದರೆ ಹೂವಿನ ಆಕಾರ ಕತ್ತರಿಸಿದ ಅಚ್ಚು, ಇರಿಸಿ, ಮಾಡೆಲಿಂಗ್ ಪೇಸ್ಟ್ ಎಂಬ ದಪ್ಪನೆಯ ಬಿಳಿ ಲೇಪವನ್ನು ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಸಮನಾಗಿ ಸವರಿ, ಉಸಿರು ಬಿಗಿಹಿಡಿದು ಸ್ಟೆನ್ಸಿಲ್ಲನ್ನು ಮೇಲೆತ್ತಿದಾಗ ಎಂಟು ಎಸಳಿನ ಹೂವೊಂದು ಗೋಡೆಯ ಗಾರೆಯ ಹಾಗೆ ಉಬ್ಬಿ ನಿಂತಿತ್ತು. ಆ ಹೂವಿನ ನಟ್ಟನಡುವೆ ಈಗ ಹೆಬ್ಬೆರಳಿನಷ್ಟು ಅಗಲದ ಗುಳಿಯೊಂದು ಬಿದ್ದಿತ್ತು.

ಅದು ಯಾರ ಹೆಬ್ಬೆರಳು ಎಂಬ ತನಿಖೆಯ ಅಗತ್ಯವೇ ಇರಲಿಲ್ಲ. ಆರೋಪಿ ಎದುರಿಗೇ ಕವಳದ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡು ಕುಳಿತಿದ್ದರು. ಬೆರಳ ತುದಿಗೆ ಅಂಟಿದ್ದ ಬಿಳಿಯ ಪೇಸ್ಟನ್ನು ಸುಣ್ಣವೆಂದೇ ಭಾವಿಸಿ, ಹಲವು ದಶಕಗಳ ಅಭ್ಯಾಸಬಲದಿಂದ ವೀಳ್ಯದೆಲೆಯ ಬೆನ್ನಿಗೆ ಸವರಲು ಹೊರಟಿದ್ದವರನ್ನು ನಾನು ಕೂಗಿ ತಡೆಯಬೇಕಾಯಿತು. ಜಗಳವಾಡಲು ಬಂದವಳು ಜೀವ ಉಳಿಸುವ ಕೆಲಸಕ್ಕೆ ನಿಂತರೆ ಜಗಳದ ಬಿಸಿ ಅರ್ಧ ಇಳಿದುಹೋಗುತ್ತದೆ.

"ಎಂತಕ್ಕೆ ಮುಟ್ಟಿದ್ದು ಮಾವ?" ಎಂದೆ.

"ಒಣಗಿದ್ದಾ ನೋಡಿದ್ದು ಅಷ್ಟೆ, ತಂಗಿ. ಇನ್ನೂ ಹಸಿ ಇದ್ದು," ಎಂದು ನನಗೆ ತಿಳಿಯದ ಸುದ್ದಿಯನ್ನು ತಿಳಿಸುವವರ ಗಾಂಭೀರ್ಯದಿಂದ ಹೇಳಿದರು.

ಶಿರಸಿಯ ಮಳೆಗಾಲದಲ್ಲಿ ಏನಾದರೂ ಒಣಗುತ್ತದೆ ಎಂದು ನಂಬಿ ಕೆಲಸ ಆರಂಭಿಸಿದ್ದು ನನ್ನ ತಪ್ಪೇ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಬಣ್ಣ, ಕಾಗದ, ಪೇಸ್ಟು ಎಲ್ಲವನ್ನೂ ಒಂದೇ ಚಿತ್ರದಲ್ಲಿ ಸೇರಿಸುವ ಮಿಕ್ಸೆಡ್ ಮೀಡಿಯಾ ಎಂಬ ಈ ಕಲೆಯಲ್ಲಿ ಕಲಿಯಬೇಕಾದದ್ದು ಹೆಚ್ಚೇನಿಲ್ಲ, ಕಾಯಬೇಕಾದದ್ದೇ ಹೆಚ್ಚು. ಮೊದಲು ಹಲಗೆಗೆ ಎರಡು ಸಲ ಜೆಸ್ಸೊ ಎಂಬ ಬಿಳಿಯ ತಳಬಣ್ಣ ಬಳಿಯಬೇಕು, ಅದು ಒಣಗಬೇಕು. ಮೇಲೆ ಹಳೆಯ ಕಾಗದದ ಚೂರುಗಳನ್ನು ಅಂಟಿಸಬೇಕು, ಅದು ಒಣಗಬೇಕು. ತೆಳುವಾಗಿ ಬಣ್ಣದ ತೆರೆ ಎಳೆಯಬೇಕು, ಅದು ಒಣಗಬೇಕು. ಆಮೇಲೆ ಸ್ಟೆನ್ಸಿಲ್, ಅದರ ಮೇಲೆ ಇನ್ನೊಂದು ಬಣ್ಣ, ಮತ್ತೆ ಕಾಗದ. ಅಕ್ರಿಲಿಕ್ ಬಣ್ಣವೆಂದರೆ ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳು. ನೀರು ಆವಿಯಾಗಿ ಹೋದಾಗ ಅವು ಒಂದಕ್ಕೊಂದು ಒತ್ತಿಕೊಂಡು ಪೊರೆಯಾಗುತ್ತವೆ. ಬಿಸಿಲಿನ ದಿನ ತೆಳುವಾದ ಒಂದು ಪದರಕ್ಕೆ 20 ನಿಮಿಷ ಸಾಕು. ಆದರೆ ಗಾಳಿಯೇ ನೀರು ಕುಡಿದು ತೇಗುತ್ತಿರುವಾಗ ಹಲಗೆಯ ಮೇಲಿನ ನೀರು ಹೋಗುವುದಾದರೂ ಎಲ್ಲಿಗೆ? ಆರಿದ್ರೆ ಮುಗಿದು ಪುನರ್ವಸು ಹಿಡಿದರೂ ನನ್ನ ಎರಡನೆಯ ಪದರ ಮೊದಲನೆಯದರ ಯೋಗಕ್ಷೇಮ ವಿಚಾರಿಸುತ್ತ ಹಸಿಯಾಗಿಯೇ ಕುಳಿತಿತ್ತು. ಮೇಲೆ ಕೆನೆ ಕಟ್ಟಿದಂತೆ ಕಾಣುವುದು, ಒಳಗೆ ಮೊಸರಿನಂತೆ ನಡುಗುವುದು. ಅದೇ ಮಾವನ ಹೆಬ್ಬೆರಳನ್ನು ಕರೆಯುವ ಸ್ಥಿತಿ.

ನ್ಯಾಯವಾಗಿ ಹೇಳಬೇಕೆಂದರೆ ಮಾವನ ಹೆಬ್ಬೆರಳಿಗೆ ಈ ಹಲಗೆಯ ಮೇಲೆ ಸ್ವಲ್ಪ ಹಕ್ಕೂ ಇದೆ. ಪೇಟೆಯಲ್ಲಿ ಸಿಗುವ ಸ್ಟೆನ್ಸಿಲ್ಲುಗಳಲ್ಲಿ ಚಿಟ್ಟೆ ಮತ್ತು ಹೃದಯದ ಚಿಹ್ನೆಗಳ ಹೊರತು ಬೇರೇನೂ ಇರುವುದಿಲ್ಲ. ಜಾತ್ರೆಯಲ್ಲಿ ಕೊಂಡ ರಂಗೋಲಿಯ ಅಚ್ಚಿನ ತೂತುಗಳು ಹಿಟ್ಟಿಗೆ ಸರಿ, ಪೇಸ್ಟಿಗೆ ಸಾಲವು. ಆದ್ದರಿಂದ ಕಪಾಟಿನಲ್ಲಿದ್ದ ಎಕ್ಸ್‌ರೇ ಫಿಲ್ಮೊಂದನ್ನು ತೆಗೆದು, ಅದರ ಮೇಲೆ ಹೂವು ಬರೆದು ಬ್ಲೇಡಿನಿಂದ ಕತ್ತರಿಸಿಕೊಂಡಿದ್ದೆ. ಸ್ಟೆನ್ಸಿಲ್ಲಿಗೆ ಅದಕ್ಕಿಂತ ಒಳ್ಳೆಯ ವಸ್ತುವಿಲ್ಲ. ಗಟ್ಟಿ, ನುಣುಪು, ಒದ್ದೆಯಾದರೂ ಸುರುಳಿ ಸುತ್ತಿಕೊಳ್ಳುವುದಿಲ್ಲ. ಅದು ಮಾವನ ಬಲ ಮೊಣಕಾಲಿನ ಎಕ್ಸ್‌ರೇ ಆಗಿತ್ತು ಎಂಬುದು ಮಾತ್ರ ಎಸಳುಗಳು ಮುಗಿದ ಮೇಲೆ ತಿಳಿಯಿತು. ಅಂದಿನಿಂದ ನಾನು ಆಕ್ಷೇಪಿಸಿದಾಗಲೆಲ್ಲ, "ನನ್ನ ಮೊಣಕಾಲಿಂದೇ ಅಲ್ದಾ ಆ ಹೂವು?" ಎಂಬ ಒಂದೇ ಪ್ರಶ್ನೆಯಿಂದ ಅವರು ನನ್ನ ಬಾಯಿ ಮುಚ್ಚಿಸುತ್ತಾರೆ.

ಈ ಮುಟ್ಟಿ ನೋಡುವ ಚಟದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳದಿದ್ದರೆ ನನ್ನ ಹೊಟ್ಟೆಯುರಿ ಶಮನವಾಗದು. ಮಾವ ಅಡಿಕೆ ಬೆಳೆದವರು. ಚಾಲಿ ಅಡಿಕೆಯನ್ನು ಅಂಗಳದಲ್ಲಿ ಹರವಿ ನಲವತ್ತು ದಿನಕ್ಕೂ ಹೆಚ್ಚು ಕಾಲ ಬಿಸಿಲು ಕಾಣಿಸಿ, ದಿನಕ್ಕೊಮ್ಮೆ ಹಿಡಿಯಷ್ಟನ್ನು ಎತ್ತಿ ಕಿವಿಯ ಬಳಿ ಅಲುಗಿಸಿ, ಸಿಪ್ಪೆಯೊಳಗೆ ಗಲಗಲ ಸದ್ದು ಕೇಳಿದ ದಿನ ಒಣಗಿತೆಂದು ತೀರ್ಮಾನಿಸುವ ಜಾತಿಯವರಿಗೆ, ಲೋಕದಲ್ಲಿ ವಸ್ತುಗಳಿರುವುದು ಎರಡೇ ಬಗೆ: ಒಣಗಿದ್ದು ಮತ್ತು ಒಣಗಬೇಕಾದದ್ದು. ಕೊಟ್ಟಿಗೆಯ ಹೊಸ ಮೆಟ್ಟಿಲಿನ ಸಿಮೆಂಟಿನಲ್ಲಿ ಅವರ ಹೆಬ್ಬೆರಳಿನ ಗುಳಿಯಿದೆ. ಮಳೆ ಬಂದಾಗ ಅದರಲ್ಲಿ ನೀರು ನಿಂತು ಗುಬ್ಬಿ ಕುಡಿಯುತ್ತದೆ. ಗೇಟಿಗೆ ಹಸಿರು ಬಣ್ಣ ಹೊಡೆಸಿದ ದಿನ ಅವರ ಬಿಳಿ ಪಂಚೆಯ ಅಂಚು ಹಸಿರಾಗಿತ್ತು, ಏಕೆಂದರೆ ಮುಟ್ಟಿದ ಬೆರಳನ್ನು ಎಲ್ಲಿಗಾದರೂ ಒರೆಸಲೇಬೇಕಲ್ಲ. ಹಲಸಿನ ಹಪ್ಪಳಗಳ ಮೇಲೆ ಗುಳಿ ಬಿದ್ದಿರುವುದನ್ನು ಕಂಡ ನೆಂಟರು ಅದು ನಮ್ಮ ಮನೆಯ ವಿಶೇಷ ವಿನ್ಯಾಸವೆಂದು ಭಾವಿಸಿದ್ದುಂಟು. ಬಚ್ಚಲ ಒಲೆಯ ಮೇಲಿನ ಗಳದಲ್ಲಿ ನೇತುಹಾಕಿದ ಬಟ್ಟೆಗಳನ್ನಂತೂ ದಿನಕ್ಕೆ ಮೂರು ಹೊತ್ತು, ಸಂಧ್ಯಾವಂದನೆಯಷ್ಟೇ ನಿಷ್ಠೆಯಿಂದ ಒಂದೊಂದಾಗಿ ಮುಟ್ಟಿ, "ಇನ್ನೂ ಹಸಿ ಇದ್ದು" ಎಂದು ಘೋಷಿಸಿ ಮರಳುತ್ತಾರೆ. ಒಣಗಿದೆ ಎಂದು ಅವರು ಹೇಳಿದ್ದನ್ನು ಕೇಳಬೇಕಾದರೆ ಮಾರ್ಗಶಿರದವರೆಗೆ ಕಾಯಬೇಕು.

"ಕಣ್ಣಿಗೆ ಕಾಣ್ತಲ್ಲ ಮಾವ, ಮುಟ್ಟುದು ಎಂತಕ್ಕೆ?" ಎಂದು ಒಮ್ಮೆ ಕೇಳಿದ್ದೆ.

"ಮುಟ್ಟದೇ ಇದ್ರೆ ಹೆಂಗೆ ಗೊತ್ತಾಗ್ತು?" ಎಂದರು. ಅದಕ್ಕೆ ಉತ್ತರ ನನ್ನಲ್ಲಿ ಇಂದಿಗೂ ಇಲ್ಲ.

ಬೆರಳಿನಿಂದ ತಪ್ಪಿಸಲು ನಾನು ಮಾಡಿದ ಉಪಾಯಗಳು ಒಂದಕ್ಕಿಂತ ಒಂದು ಮೂರ್ಖತನದ್ದು. ಕೂದಲು ಒಣಗಿಸುವ ಯಂತ್ರವನ್ನು ಹತ್ತಿರ ಹಿಡಿದು ಬಿಸಿಗಾಳಿ ಬಿಟ್ಟೆ. ಪೇಸ್ಟು ದೋಸೆಯ ಹಾಗೆ ಗುಳ್ಳೆ ಎದ್ದಿತು, ಅಷ್ಟರಲ್ಲಿ ಕರೆಂಟು ಹೋಯಿತು, ಗುಳ್ಳೆಗಳು ಹಾಗೆಯೇ ಉಳಿದವು. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಒಂದು ರಾತ್ರಿ ಇರಿಸಿದೆ. ಹಲಗೆಯೇನೋ ಬೆಚ್ಚಗಾಯಿತು, ಆದರೆ ನಾನು ಯೋಜಿಸಿದ ಏಳು ಪದರಗಳ ಜೊತೆಗೆ ಮಸಿಯ ಎಂಟನೆಯ ಪದರವೊಂದು ಉಚಿತವಾಗಿ ಸೇರಿತು. ಟ್ರಂಕಿನಲ್ಲಿ ಮುಚ್ಚಿಟ್ಟೆ, ಮೂರು ದಿನ ಬಿಟ್ಟು ತೆರೆದರೆ ಕಾಗದದ ಅಂಚಿಗೆ ಹಸಿರು ಬೂಷ್ಟು ಹಿಡಿದಿತ್ತು, ಮತ್ತು ಆ ಹಸಿರು ನಾನು ದುಡ್ಡು ಕೊಟ್ಟು ತಂದ ಹಸಿರಿಗಿಂತ ಚೆಂದವಾಗಿತ್ತು ಎಂಬುದು ಇನ್ನೊಂದು ಅವಮಾನ.

ಅಂಟಿಸಿದ ಕಾಗದಗಳದ್ದು ಬೇರೆಯೇ ಗೋಳು. ಹಳೆಯ ಪಂಚಾಂಗದ ಹಾಳೆ, ಯಕ್ಷಗಾನದ ಕರಪತ್ರ, ಮಾಸಿದ ಲಗ್ನಪತ್ರಿಕೆ, ಅಡಿಕೆ ವ್ಯಾಪಾರದ ಚೀಟಿ ಇವುಗಳನ್ನು ಹರಿದು, ಎರಡೂ ಬದಿಗೆ ಅಂಟು ಬಳಿದು, ಗಾಳಿಗುಳ್ಳೆ ಉಳಿಯದಂತೆ ಲಟ್ಟಣಿಗೆಯಿಂದ ಉಜ್ಜಿದ್ದೆ. ಅಚ್ಚುಕೂಟದ ಶಾಯಿ ಅಲುಗಾಡಲಿಲ್ಲ. ಆದರೆ ತೇರಿನ ಒಂದು ಫೋಟೋವನ್ನು ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆಸಿ ತಂದಿದ್ದೆ. ಅಂಟಿನ ನೀರು ತಾಗಿದ ಕೂಡಲೇ ತೇರು ನೇರಳೆ ಬಣ್ಣದ ಹೊಳೆಯಾಗಿ ಹರಿದು ಪಂಚಾಂಗದ ಏಕಾದಶಿಯನ್ನು ಮುಳುಗಿಸಿತು. ಜೆರಾಕ್ಸ್ ಮಾಡಿಸಿದ್ದರೆ ಹೀಗಾಗುತ್ತಿರಲಿಲ್ಲ, ಅದರ ಪುಡಿ ಶಾಯಿ ನೀರಿಗೆ ಕರಗುವುದಿಲ್ಲ ಎಂಬ ಜ್ಞಾನ ಎಂದಿನಂತೆ ಆಮೇಲೆ ಬಂದಿತು. ಮಾವನಿಗೆ ಇದರಲ್ಲಿ ಕಂಡ ದೋಷವೇ ಬೇರೆ: ಅವರು ಕರಪತ್ರದಲ್ಲಿ ಭಾಗವತರ ಹೆಸರಿನವರೆಗೆ ಓದಿ, ಕನ್ನಡಕ ಒರೆಸಿಕೊಂಡು ಬರುವಷ್ಟರಲ್ಲಿ ನಾನು ವೇಷಧಾರಿಗಳ ಮೇಲೆ ಬಿಳಿ ಬಣ್ಣ ಬಳಿದುಬಿಟ್ಟಿದ್ದೆ. ಅಂದು ಭೀಮನ ಪಾತ್ರ ಯಾರದಾಗಿತ್ತು ಎಂದು ಅವರು ಈಗಲೂ ಆಗಾಗ ಕೇಳುತ್ತಾರೆ.

ಕ್ಯಾನ್ವಾಸಿಗೆ ಬೇರೆ ವಸ್ತುಗಳನ್ನು ಅಂಟಿಸುವ ಈ ಹುಚ್ಚನ್ನು 1912ರಲ್ಲಿ ಪ್ಯಾರಿಸ್ಸಿನಲ್ಲಿ ಚಿತ್ರಕಾರರಾದ ಪಿಕಾಸೊ ಮತ್ತು ಬ್ರಾಕ್ ಹಚ್ಚಿದರು. ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆಯ ತುಂಡನ್ನು ಅಂಟಿಸಿ, ಸುತ್ತ ಹಗ್ಗ ಸುತ್ತಿದ ಪಿಕಾಸೊನಿಗೆ ಆಷಾಢದ ಮಳೆಯೂ ಇರಲಿಲ್ಲ, ಅಡಿಕೆ ಬೆಳೆಗಾರ ಮಾವನೂ ಇರಲಿಲ್ಲ. ನಮ್ಮೂರಿನ ಹಿರಿಯರೇ ಅವನಿಗಿಂತ ಜಾಣರು. ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರಗಳನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ. ಅದೂ ಪದರಗಳ ಕಲೆಯೇ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಅದು ಹಸಿಯಾಗಿರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಹೊರಗೆ ತರುವುದು. ಅಂದರೆ ಆ ಕಲಾವಿದರಿಗೆ ಇದ್ದದ್ದು ಎಲ್ಲಿ ಒಣಗಿಬಿಡುತ್ತದೋ ಎಂಬ ಭಯ! ನಾನು ಆ ಭಯಕ್ಕಾಗಿ ಹರಕೆ ಹೊತ್ತುಕೊಳ್ಳಲೂ ಸಿದ್ಧಳಿದ್ದೇನೆ.

ಇಂದು ಮಧ್ಯಾಹ್ನ ಮಳೆ ತುಸು ಹೊಳವಾದಾಗ, ಗುಳಿಗೆ ಪೇಸ್ಟು ತುಂಬಿ ಹೂವನ್ನು ಸರಿಪಡಿಸೋಣವೆಂದು ಹಲಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬೆರಳಿನ ಗೆರೆಗಳಾದರೂ ಮೂಡಿದ್ದರೆ ಹೂವಿನ ನಡುವಿನ ಕೇಸರದಂತೆ ಉಳಿಸಿಕೊಳ್ಳಬಹುದೇನೋ ಎಂದು ಹತ್ತಿರದಿಂದ ನೋಡಿದೆ. ಗೆರೆಗಳೇ ಇರಲಿಲ್ಲ. ಗುಳಿ ಸೌಟಿನ ಒಳಮೈಯಂತೆ ನುಣ್ಣಗಿತ್ತು. ಆಗ ಹೋದ ತಿಂಗಳು ಪಡಿತರ ತರಲು ಹೋದಾಗಿನ ಸಂಗತಿ ನೆನಪಾಯಿತು. ಬೆರಳಚ್ಚಿನ ಯಂತ್ರದ ಮೇಲೆ ಮಾವ ಹೆಬ್ಬೆರಳನ್ನು ಒತ್ತಿದರು, ಪಂಚೆಗೆ ಒರೆಸಿ ಮತ್ತೆ ಒತ್ತಿದರು, ಕೂದಲಿಗೆ ಉಜ್ಜಿಕೊಂಡು ಮತ್ತೆ ಒತ್ತಿದರು. ಹತ್ತು ಬೆರಳುಗಳಲ್ಲಿ ಒಂದನ್ನೂ ಅದು ಗುರುತಿಸಲಿಲ್ಲ. ಅಡಿಕೆಯ ಸಿಪ್ಪೆ, ಸುಣ್ಣ, ಮೈಲುತುತ್ತ, ಕತ್ತಿಯ ಹಿಡಿ ಎಲ್ಲ ಸೇರಿ ಇಷ್ಟು ವರ್ಷಗಳಲ್ಲಿ ಗೆರೆಗಳನ್ನು ಸವೆಸಿಬಿಟ್ಟಿದ್ದವು. ಹಿಂದೆ ಸಾಲಿನಲ್ಲಿದ್ದವರು ಗೊಣಗುತ್ತಿದ್ದರು. ಮಾವ ತಮ್ಮ ಬೆರಳನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡು ಪಕ್ಕಕ್ಕೆ ಸರಿದು ನಿಂತಿದ್ದರು.

ಪೇಸ್ಟಿನ ಡಬ್ಬಿಯ ಮುಚ್ಚಳ ಹಾಕಿದೆ. ಗುಳಿಯ ಸುತ್ತ ತೆಳುವಾಗಿ ಮೈಲುತುತ್ತದ ನೀಲಿ ಬಳಿದು ಹಾಗೆಯೇ ಬಿಟ್ಟೆ.

ಹಾಗೆಂದು ರಾಜಿಯೇನೂ ಇಲ್ಲ. ಇನ್ನು ಮುಂದೆ ಬೆರಳು ತಾಗಿಸಿದರೆ ಕವಳದ ಬಟ್ಟಲನ್ನೇ ಕತ್ತರಿಸಿ ಕೊಲಾಜಿಗೆ ಅಂಟಿಸುತ್ತೇನೆಂದು ಕಟ್ಟುನಿಟ್ಟಾಗಿ ಹೇಳಿದ್ದೇನೆ. ಸಂಜೆ ಚಹಾ ತಂದಾಗ ಮಾವ ಹಲಗೆಯ ಮುಂದೆ ಎರಡೂ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದರು. ಸ್ವಲ್ಪ ಹೊತ್ತು ತಡೆದುಕೊಂಡರು. ಆಮೇಲೆ ಹಲಗೆಯನ್ನು ಅಂಚಿನಲ್ಲಿ ಹಿಡಿದು ಎತ್ತಿ, ಕಿವಿಯ ಬಳಿಗೆ ಒಯ್ದು, ಒಮ್ಮೆ ಬಲವಾಗಿ ಅಲುಗಿಸಿದರು. ಹಿಂಬದಿಗೆ ನಾನು ಅಂಟಿಸಿದ್ದ ಕೊಂಡಿ ಬಿಟ್ಟುಕೊಂಡು ಗಲಗಲ ಎಂದಿತು.

"ಸದ್ದು ಬತ್ತು ನೋಡು ತಂಗಿ," ಎಂದರು ಮಾವ, "ಒಣಗಿದ್ದು."